ಬ್ರೇಕ್ ಪೆಡಲ್ ಮೆತ್ತಗಾದರೆ ಏನರ್ಥ?



ಈ ಸಲದ ಗೋಡೆ ಪತ್ರಿಕೆಗೆ ಒಂದು ವಿಜ್ಞಾನ ಲೇಖನ ಬೇಕು ಎಂದು ಗುರುಗಳು ಹೇಳಿದಾಗ ನಾನು ಮೊದಲು ಚಂದ್ರಗ್ರಹಣದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ದೀಪಾವಳಿ ಕಳೆದ ಮೇಲೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದರಲ್ಲಿ ನನ್ನ ತಪ್ಪೂ ಇತ್ತು. ಅದನ್ನೇ ಬರೆದರೆ ನಾಲ್ಕು ಜನಕ್ಕೆ ಉಪಯೋಗವಾದೀತು ಎಂದು ಇದನ್ನು ಬರೆದಿದ್ದೇನೆ. ನಮ್ಮೂರಿನಲ್ಲಿ ಈಗ ಕಾರು, ಜೀಪು, ಪಿಕಪ್ ಇರುವ ಮನೆಗಳು ಬಹಳ. ಎಲ್ಲರೂ ದಯವಿಟ್ಟು ಕೊನೆಯವರೆಗೂ ಓದಿ.

ನಡೆದ ಸಂಗತಿ

ನಮ್ಮ ಚಿಕ್ಕಪ್ಪ ಬಾಡಿಗೆಗೆ ಕಾರು ಓಡಿಸುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ಕಾರು ಹಳೆಯದು. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. ಅದಕ್ಕಾಗಿ ಅಜ್ಜಿ, ಅತ್ತೆ, ಚಿಕ್ಕಪ್ಪ, ನಾನು ಬೆಳಿಗ್ಗೆ ಬೇಗ ಎದ್ದು ಉಡುಪಿಗೆ ಹೊರಟೆವು. ಆಗುಂಬೆ ಘಾಟಿ ಇಳಿಯಬೇಕು. ಅಲ್ಲಿ ಹದಿನಾಲ್ಕು ತಿರುವು ಇವೆ.

ಎರಡು ತಿರುವು ಸರಿಯಾಗಿ ಇಳಿದೆವು. ಮೂರನೆಯದಕ್ಕೆ ಬಂದಾಗ ಚಿಕ್ಕಪ್ಪ ಬ್ರೇಕ್ ಒತ್ತಿದರೆ ಪೆಡಲ್ ಹತ್ತಿಯ ದಿಂಬಿನ ಹಾಗೆ ಕೆಳಗೆ ಹೋಗಿಬಿಟ್ಟಿತು. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಪೆಡಲನ್ನು ಪಟಪಟ ಎಂದು ಮೂರು ನಾಲ್ಕು ಸಲ ಒತ್ತಿದರು. ಗೇರ್ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದರು. ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದರು. ಗಾಡಿಯನ್ನು ಗುಡ್ಡದ ಕಡೆಗೆ ತಂದು ಚರಂಡಿ ಪಕ್ಕದ ಮಣ್ಣಿಗೆ ಒರಗಿಸಿ ನಿಲ್ಲಿಸಿದರು. ಆಚೆ ಕಡೆ ಕಟ್ಟೆಯ ಮೇಲೆ ಕೂತಿದ್ದ ಮಂಗಗಳು ನಮ್ಮನ್ನೇ ನೋಡುತ್ತಿದ್ದವು. ಕಟ್ಟೆಯ ಆಚೆ ಏನಿದೆ ಅಂತ ಹೇಳಬೇಕಾಗಿಲ್ಲ.

ಅರ್ಧ ಗಂಟೆ ಬಿಟ್ಟು ಚಿಕ್ಕಪ್ಪ ಪೆಡಲ್ ಒತ್ತಿ ನೋಡಿದರು. "ಈಗ ಬ್ರೇಕ್ ಸಿಗ್ತಾ ಇದೆ, ನಿಧಾನಕ್ಕೆ ಹೋಗುವ" ಎಂದರು. ಅಜ್ಜಿ ಮಾತ್ರ ಕಾರು ಹತ್ತಲೇ ಇಲ್ಲ. "ಕಣ್ಣು ಕಾಣದಿದ್ದರೂ ಪರವಾಗಿಲ್ಲ ಮಾರಾಯ, ನಾನು ನಡ್ಕೊಂಡೇ ಮನೆಗೆ ಹೋಗ್ತೇನೆ" ಎಂದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಅವತ್ತು ಅಜ್ಜಿ ಹಟ ಮಾಡಿದ್ದೇ ಒಳ್ಳೆಯದಾಯಿತು. ಆಮೇಲೆ ಬಂದ ಬಸ್ಸಿನಲ್ಲಿ ಅತ್ತೆ ಅಜ್ಜಿಯನ್ನು ಕರೆದುಕೊಂಡು ಹೋದರು. ಚಿಕ್ಕಪ್ಪ ನಮ್ಮ ಗ್ಯಾರೇಜಿನ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದರು. ಅವರು ಒಂದು ಪಿಕಪ್ ಗಾಡಿ ತಂದು, ಕಬ್ಬಿಣದ ರಾಡ್ ಕಟ್ಟಿ ಕಾರನ್ನು ಮೇಲಕ್ಕೆ ಎಳೆಸಿದರು. ಹಗ್ಗ ಬೇಡ ಎಂದರು. ಬ್ರೇಕ್ ಇಲ್ಲದ ಗಾಡಿಗೆ ಹಗ್ಗ ಕಟ್ಟಿದರೆ, ಮುಂದಿನ ಗಾಡಿ ನಿಧಾನ ಮಾಡಿದಾಗ ಹಿಂದಿನದು ಹೋಗಿ ಗುದ್ದುತ್ತದಂತೆ.

ಗ್ಯಾರೇಜಿನಲ್ಲಿ ಅವರು ಬಾನೆಟ್ ಎತ್ತಿ ಮೊದಲು ಕೇಳಿದ ಪ್ರಶ್ನೆ: "ಇದಕ್ಕೆ ಬ್ರೇಕ್ ಆಯಿಲ್ ಯಾರು ಹಾಕಿದ್ದು? ಎಷ್ಟು ಸಲ?"

ಹಾಕಿದ್ದು ನಾನು. ಮಳೆಗಾಲದಲ್ಲಿ ಒಮ್ಮೆ, ಆಯುಧಪೂಜೆಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದೆ ಎಂದರೆ ತಂದು ತುಂಬಿಸುತ್ತಿದ್ದೆ. ನನಗೆ ಗಾಡಿ ಕೆಲಸ ಬರುತ್ತದೆ ಎಂಬ ಜಂಬವೂ ಇತ್ತು. ಆ ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ನಾನೂ ಕೇಳಲಿಲ್ಲ, ಚಿಕ್ಕಪ್ಪನೂ ಕೇಳಲಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ.

ಕಾಲಿನಿಂದ ಚಕ್ರಕ್ಕೆ ಬಲ ಹೋಗುವುದು ಹೇಗೆ?

ಇದಕ್ಕೆ ಪ್ಯಾಸ್ಕಲ್ ನಿಯಮ ಗೊತ್ತಿರಬೇಕು. ಬ್ಲೇಸ್ ಪ್ಯಾಸ್ಕಲ್ (1623-1662) ಫ್ರಾನ್ಸ್ ದೇಶದ ವಿಜ್ಞಾನಿ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಕಡಿಮೆಯಾಗದೆ ಎಲ್ಲ ಕಡೆಗೂ ಹರಡುತ್ತದೆ ಎಂಬುದು ಈ ನಿಯಮ.

ಕಾರಿನಲ್ಲಿ ಪೆಡಲ್ ಒಂದು ಸನ್ನೆ. ನಾವು ಕಾಲಿನಿಂದ ಒತ್ತಿದ ಬಲ ಸನ್ನೆಯಿಂದ ಹೆಚ್ಚಾಗಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅದರಲ್ಲಿರುವ ಬ್ರೇಕ್ ಆಯಿಲಿನ ಒತ್ತಡ ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಇರುತ್ತದೆ; ಅಲ್ಲಿ ಎರಡು ಪ್ಯಾಡುಗಳು ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಬಹಳ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಡ್ರಮ್ ಇರುತ್ತದೆ. ಅಲ್ಲಿ ವೀಲ್ ಸಿಲಿಂಡರ್ ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಇಂಥ ಹೈಡ್ರಾಲಿಕ್ ಬ್ರೇಕ್ ಬಂದಿತು.

ನೀವೇ ಮಾಡಿ ನೋಡಿ: ಸೂಜಿ ತೆಗೆದ ಎರಡು ಹೊಸ ಸಿರಿಂಜ್ ತೆಗೆದುಕೊಳ್ಳಿ, ಒಂದು 5 ಮಿ.ಲೀ., ಇನ್ನೊಂದು 20 ಮಿ.ಲೀ. ಎರಡಕ್ಕೂ ನಡುವೆ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಪೂರ್ತಿ ನೀರು ತುಂಬಿಸಿ. ಸಣ್ಣದನ್ನು ಒತ್ತಿದ ಕೂಡಲೇ ದೊಡ್ಡದು ಏಳುತ್ತದೆ, ಮತ್ತು ಕೈಗೆ ಅದರ ಬಲ ಹೆಚ್ಚು ಎಂದು ತಿಳಿಯುತ್ತದೆ. ಈಗ ಕೊಳವೆಯಲ್ಲಿ ಅರ್ಧ ನೀರು ತೆಗೆದು ಗಾಳಿ ಬಿಡಿ. ದೊಡ್ಡ ಸಿರಿಂಜನ್ನು ಗೆಳೆಯ ಗಟ್ಟಿಯಾಗಿ ಹಿಡಿದುಕೊಳ್ಳಲಿ. ನೀವು ಸಣ್ಣದನ್ನು ಒತ್ತಿ. ಮೆತ್ತಗೆ ಒಳಗೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ.

ದ್ರವವನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ ಎನ್ನಬಹುದು. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ನಮ್ಮ ಕಾಲು ಒತ್ತಿದ್ದೆಲ್ಲ ಗಾಳಿಯನ್ನು ಕುಗ್ಗಿಸುವುದಕ್ಕೇ ಖರ್ಚಾದರೆ ಚಕ್ರಕ್ಕೆ ಹೋಗುವುದೇನು? ಪೆಡಲ್ ಮೆತ್ತಗಾಗುವುದರ ಗುಟ್ಟು ಇದು.

ಗಾಳಿ ಒಳಗೆ ಹೇಗೆ ಬರುತ್ತದೆ?

ಒಂದು, ಎಲ್ಲಾದರೂ ಸೋರಿಕೆ ಇದ್ದು ಆಯಿಲ್ ಕಡಿಮೆಯಾದರೆ ಆ ಜಾಗಕ್ಕೆ ಗಾಳಿ ಬರುತ್ತದೆ. ಎರಡು, ರಿಪೇರಿ ಮಾಡುವಾಗ ಪೈಪ್ ಬಿಚ್ಚಿದರೆ ಗಾಳಿ ಸೇರುತ್ತದೆ. ಮೂರನೆಯದು ನನಗೆ ಆಶ್ಚರ್ಯವಾದದ್ದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮವಿದೆ. ನೀರಿನ ಅಂಶ ಸೇರಿದ ಮೇಲೆ ಅದೇ ಆಯಿಲಿಗೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತಿ ಹಿಡಿದರೆ ಚಕ್ರದ ಹತ್ತಿರ ಬಹಳ ಬಿಸಿ ಹುಟ್ಟುತ್ತದೆ. ಹಳೆಯ ಆಯಿಲ್ ಅಲ್ಲೇ ಕುದಿದು ಆವಿಯಾಗುತ್ತದೆ. ಆವಿಯೂ ಅನಿಲವೇ ಅಲ್ಲವೇ? ಪೆಡಲ್ ಕೆಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಸ್ವಲ್ಪ ಸರಿ ಬರುತ್ತದೆ. ನಮ್ಮ ಕಾರಿನಲ್ಲಿ ಸೋರಿಕೆಯ ಜೊತೆ ಇದೂ ಸೇರಿತ್ತು. ಅರ್ಧ ಗಂಟೆಯ ಮೇಲೆ "ಬ್ರೇಕ್ ಸಿಗ್ತಾ ಇದೆ" ಎಂದು ಚಿಕ್ಕಪ್ಪನಿಗೆ ಅನಿಸಿದ್ದು ಅದಕ್ಕೇ. ಅದನ್ನು ನಂಬಿ ಹೊರಟಿದ್ದರೆ ಇನ್ನೂ ಹನ್ನೊಂದು ತಿರುವು ಬಾಕಿ ಇದ್ದವು.

ರೋಗ ಯಾವುದೆಂದು ಹೇಗೆ ಕಂಡುಹಿಡಿಯುವುದು?

ಮೆಕ್ಯಾನಿಕ್ ಅಣ್ಣ ಒಂದೊಂದೇ ಪರೀಕ್ಷೆ ಮಾಡಿ ತೋರಿಸಿದರು. ಗಾಡಿ ಸಮತಟ್ಟು ಜಾಗದಲ್ಲಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು.

1. ಡಬ್ಬಿ ನೋಡುವುದು: ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಮ್ಯಾಕ್ಸ್, ಮಿನ್ ಎಂದು ಎರಡು ಗೆರೆ ಇರುತ್ತವೆ. ಆಯಿಲ್ ಅವುಗಳ ನಡುವೆ ಇರಬೇಕು. ಪ್ಯಾಡ್ ಸವೆದ ಹಾಗೆಲ್ಲ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಆದರೆ ತಿಂಗಳು ಎರಡು ತಿಂಗಳಿಗೇ ಇಳಿದರೆ ಸೋರಿಕೆ ಇದೆ ಎಂದೇ ತಿಳಿಯಬೇಕು.

2. ಒದ್ದೆ ಹುಡುಕುವುದು: ನಾಲ್ಕೂ ಚಕ್ರದ ಒಳಬದಿ, ರಬ್ಬರ್ ಹೋಸು, ಪೈಪುಗಳ ಜೋಡಣೆ, ಮಾಸ್ಟರ್ ಸಿಲಿಂಡರಿನ ಹಿಂಭಾಗ, ಪೆಡಲಿನ ಮೇಲ್ಗಡೆ ಬೆರಳಿನಿಂದ ಮುಟ್ಟಿ ನೋಡಬೇಕು. ಹೋಸು ಒಡೆದಿದೆಯೇ, ಪೆಡಲ್ ಒತ್ತಿದಾಗ ಉಬ್ಬುತ್ತದೆಯೇ ಎಂದೂ ನೋಡಬೇಕು.

3. ಪಟಪಟ ಒತ್ತುವುದು: ಮೊದಲ ಸಲ ಕೆಳಗೆ ಹೋಗಿ, ಮೂರು ನಾಲ್ಕು ಸಲ ಒತ್ತಿದ ಮೇಲೆ ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಒಳಗೆ ಗಾಳಿ ಇರಬಹುದು, ಇಲ್ಲವೇ ಹಿಂದಿನ ಬ್ರೇಕ್ ಶೂ ಸವೆದು ಡ್ರಮ್ಮಿನಿಂದ ದೂರವಾಗಿರಬಹುದು.

4. ಒತ್ತಿ ಹಿಡಿಯುವುದು: ಇಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕಾಲಿನ ಕೆಳಗೆ ನಿಧಾನವಾಗಿ ಜಾರುತ್ತಾ ಹೋದರೆ ಆಯಿಲ್ ಎಲ್ಲೋ ದಾಟುತ್ತಿದೆ ಎಂದರ್ಥ. ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ.

5. ಇಂಜಿನ್ ಸ್ಟಾರ್ಟ್ ಮಾಡುವುದು: ಪೆಡಲ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದರೆ ಅದು ಸ್ವಲ್ಪ ಕೆಳಗಿಳಿಯಬೇಕು. ಇದು ಬೂಸ್ಟರಿನ ಕೆಲಸ. ಹೆದರಬೇಕಾಗಿಲ್ಲ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಕಲ್ಲಿನಂತೆ ಗಟ್ಟಿಯಾಗುತ್ತದೆ.

ನಮ್ಮ ಕಾರಿನ ರೋಗ ಎರಡನೇ ಪರೀಕ್ಷೆಯಲ್ಲೇ ಸಿಕ್ಕಿತು. ಹಿಂದಿನ ಎಡಗಡೆ ಚಕ್ರದ ಒಳಬದಿ ಒದ್ದೆಯಾಗಿ, ಅದರ ಮೇಲೆ ಧೂಳು ಕೆಸರಿನಂತೆ ಅಂಟಿತ್ತು. ಡ್ರಮ್ ಬಿಚ್ಚಿದರೆ ವೀಲ್ ಸಿಲಿಂಡರಿನ ರಬ್ಬರ್ ಹರಿದು ಆಯಿಲ್ ಶೂಗಳ ಮೇಲೆಲ್ಲ ಹರಿದಿತ್ತು. ಆಯುಧಪೂಜೆಯ ದಿನ ನಾವು ಅದೇ ಚಕ್ರವನ್ನು ತಿಕ್ಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣು ಇಟ್ಟಿದ್ದೆವು. ಆ ಒದ್ದೆ ನನ್ನ ಕಣ್ಣಿಗೆ ಬಿದ್ದಿತ್ತು. ತೊಳೆದ ನೀರು ಅಂದುಕೊಂಡಿದ್ದೆ.

ಇನ್ನೊಂದು ಮಾತು. ಈಗಿನ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಭಾಗ ಇರುತ್ತವೆ. ಒಂದು ಭಾಗದಲ್ಲಿ ಆಯಿಲ್ ಖಾಲಿಯಾದರೂ ಇನ್ನೊಂದು ಎರಡು ಚಕ್ರಗಳನ್ನು ಹಿಡಿಯುತ್ತದೆ. ಪೆಡಲ್ ಬಹಳ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಆದರೂ ನಿಲ್ಲುತ್ತದೆ. ನಾವು ಬದುಕಿದ್ದು ಇದರಿಂದಲೂ ಇರಬೇಕು. ಆಯಿಲ್ ಕಡಿಮೆಯಾದರೆ ಮುಂದೆ ಕೆಂಪು ದೀಪ ಹತ್ತುತ್ತದೆ. ನಮ್ಮ ಕಾರಿನಲ್ಲಿ ಆ ಬಲ್ಬ್ ಸುಟ್ಟುಹೋಗಿ ಎಷ್ಟು ದಿನವಾಗಿತ್ತೋ! ಹ್ಯಾಂಡ್ ಬ್ರೇಕ್ ಎಳೆದಾಗ ಬಹಳ ಕಾರುಗಳಲ್ಲಿ ಅದೇ ದೀಪ ಹತ್ತುತ್ತದೆ. ಹತ್ತದಿದ್ದರೆ ಬಲ್ಬ್ ಹೋಗಿದೆಯೇ ಎಂದು ಆಗಲೇ ನೋಡಿಸಬಹುದಿತ್ತು.

ರಿಪೇರಿ ಮತ್ತು ಗಾಳಿ ತೆಗೆಯುವುದು

ಹಿಂದಿನ ಎರಡೂ ಕಡೆಯ ವೀಲ್ ಸಿಲಿಂಡರ್ ಬದಲಾಯಿಸಿದರು. ಆಯಿಲ್ ಕುಡಿದ ಶೂ ಎಷ್ಟು ಒರೆಸಿದರೂ ಸರಿಯಾಗುವುದಿಲ್ಲ, ಅದಕ್ಕೆ ಶೂಗಳನ್ನೂ ಎರಡೂ ಕಡೆ ಹೊಸದು ಹಾಕಿದರು. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಆಮೇಲೆ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಪೆಡಲ್ ಒತ್ತುವ ಕೆಲಸ ನನಗೆ ಕೊಟ್ಟರು. ಕ್ರಮ ಹೀಗಿದೆ:

ಡಬ್ಬಿಗೆ ಹೊಸ ಆಯಿಲ್ ತುಂಬಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಸ್ಟಿಯರಿಂಗ್ ಬಲಗಡೆ ಇರುವುದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಹೀಗೆ. ಕೆಲವು ಗಾಡಿಗಳಿಗೆ ಬೇರೆ ಕ್ರಮ ಇರುತ್ತದೆ, ಗಾಡಿಯ ಪುಸ್ತಕ ನೋಡಬೇಕು. ಚಕ್ರದ ಹತ್ತಿರವಿರುವ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು.

"ಒತ್ತು" ಎಂದರೆ ನಿಧಾನವಾಗಿ ಒತ್ತಬೇಕು. "ಹಿಡ್ಕೋ" ಎಂದರೆ ಹಿಡಿದಿರಬೇಕು. ಆಗ ಅವರು ಸ್ಪ್ಯಾನರಿನಿಂದ ನಿಪ್ಪಲ್ ಅರ್ಧ ಸುತ್ತು ಬಿಚ್ಚುತ್ತಾರೆ. ಗುಳ್ಳೆ ಗುಳ್ಳೆಯಾಗಿ ಆಯಿಲ್ ಹೊರಗೆ ಬರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆ "ಬಿಡು" ಎನ್ನುತ್ತಾರೆ. ಆಮೇಲೆಯೇ ಕಾಲು ತೆಗೆಯಬೇಕು. ನನಗೆ ಮೂರನೇ ಸಲಕ್ಕೆ ಸೊಳ್ಳೆ ಕಚ್ಚಿ, "ಬಿಡು" ಅನ್ನುವ ಮೊದಲೇ ಕಾಲು ಬಿಟ್ಟೆ. ಹೊರಗೆ ಹೋಗಿದ್ದ ಗಾಳಿ ಮತ್ತೆ ಒಳಗೆ! "ಸೊಳ್ಳೆ ಒಂದು ಹನಿ ರಕ್ತ ಕುಡಿದ್ರೆ ಕುಡೀಲಿ ಮಾರಾಯ, ಕಾಲು ತೆಗೀಬೇಡ" ಎಂದು ಬೈದರು. ಮತ್ತೆ ಮೊದಲಿನಿಂದ ಶುರು.

ಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೆ ಒಂದೊಂದು ಚಕ್ರಕ್ಕೂ ಹೀಗೆ ಮಾಡಬೇಕು. ನಡುವೆ ಡಬ್ಬಿ ಖಾಲಿಯಾಗಲು ಬಿಡಲೇಬಾರದು, ಬಿಟ್ಟರೆ ಮೇಲಿನಿಂದಲೇ ಗಾಳಿ ಹೋಗುತ್ತದೆ. ಬಾಟಲಿಗೆ ಬಂದ ಹಳೆಯ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಅದನ್ನು ಮತ್ತೆ ಉಪಯೋಗಿಸಬಾರದು. ಎ.ಬಿ.ಎಸ್. ಇರುವ ಕೆಲವು ಕಾರುಗಳಿಗೆ ಗಾಳಿ ತೆಗೆಯಲು ಕಂಪ್ಯೂಟರ್ ಯಂತ್ರ ಬೇಕಾಗುತ್ತದೆ, ಅದನ್ನು ಗೊತ್ತಿದ್ದವರ ಹತ್ತಿರವೇ ಮಾಡಿಸಬೇಕು. ಕೊನೆಗೆ ಇಂಜಿನ್ ಹಾಕಿ ಪೆಡಲ್ ಗಟ್ಟಿ ಇದೆಯೇ ನೋಡಿ, ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿದ ಮೇಲೆಯೇ ರಸ್ತೆಗೆ ಬಿಟ್ಟರು.

ನೆನಪಿಡಿ

* ಬ್ರೇಕ್ ಡಬ್ಬಿಗೆ ಇಂಜಿನ್ ಆಯಿಲ್, ಸೀಮೆಎಣ್ಣೆ, ಡೀಸೆಲ್ ಯಾವುದನ್ನೂ ಹಾಕಬೇಡಿ. ಒಳಗಿನ ರಬ್ಬರ್ ಉಬ್ಬಿ ಕೆಟ್ಟುಹೋಗುತ್ತದೆ. ಮುಚ್ಚಳದ ಮೇಲೆ ಬರೆದ ನಂಬರಿನ ಆಯಿಲನ್ನೇ ಹಾಕಿ.

* ಮುಚ್ಚಳ ತೆರೆದು ಬಹಳ ದಿನ ಇಟ್ಟ ಬಾಟಲಿಯ ಆಯಿಲ್ ಬೇಡ. ಅದು ತೇವ ಹೀರಿರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳಲೇಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದು ಒಳ್ಳೆಯದು.

* ಬ್ರೇಕ್ ಆಯಿಲ್ ವಿಷ. ಬಾಯಿಂದ ಎಳೆಯಬೇಡಿ, ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ಗಾಡಿಯ ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ.

* ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಇಂಜಿನ್ ಆಫ್ ಮಾಡುವುದು ಬಹಳ ಅಪಾಯ.

* ಓಡುವಾಗ ಪೆಡಲ್ ಕೆಳಗೆ ಹೋದರೆ: ಪಟಪಟ ಒತ್ತಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪ ಎಳೆಯಿರಿ, ಹಾರ್ನ್ ಮಾಡಿ, ಗುಡ್ಡದ ಬದಿಗೆ ಬನ್ನಿ. ಕೀಲಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು. ನಿಂತ ಮೇಲೆ ಮತ್ತೆ ಹೊರಡಬೇಡಿ.

ಕೊನೆಯ ಮಾತು

ಅಜ್ಜಿಯ ಆಪರೇಷನ್ ಚೆನ್ನಾಗಿ ಆಯಿತು. ಈಗ ಅವರೇ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ಕಾರು ಹತ್ತುವ ಮೊದಲು ಮಾತ್ರ "ಪೆಡಲ್ ಒತ್ತಿ ನೋಡಿದ್ಯನಾ?" ಎಂದು ಚಿಕ್ಕಪ್ಪನನ್ನು ತಪ್ಪದೆ ಕೇಳುತ್ತಾರೆ. ಚಿಕ್ಕಪ್ಪ ಈಗ ಪ್ರತಿ ಭಾನುವಾರ ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡಿ ಒಂದು ಸಣ್ಣ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯುತ್ತಾರೆ. ಬರೆಯುವ ಕೆಲಸ ನನ್ನದು.

ಆದರೆ ಒಂದು ವಿಷಯ ನನಗೆ ಈಗಲೂ ರಾತ್ರಿ ನೆನಪಾಗುತ್ತದೆ. ಆಗಸ್ಟ್ ತಿಂಗಳಲ್ಲಿ ನಮ್ಮ ಶಾಲೆಯ ಕಬಡ್ಡಿ ತಂಡ ತಾಲ್ಲೂಕು ಮಟ್ಟದ ಆಟಕ್ಕೆ ಎರಡು ಟ್ರಿಪ್ಪಿನಲ್ಲಿ ಹೋಗಿದ್ದು ಇದೇ ಕಾರಿನಲ್ಲಿ. ನಾನು ಮೊದಲ ಸಲ ಆಯಿಲ್ ತುಂಬಿಸಿದ್ದು ಅದಕ್ಕಿಂತ ಮುಂಚೆ. ಅಂದರೆ ನೀವೆಲ್ಲ ಹಾಡು ಹೇಳುತ್ತಾ ಕೂತಿದ್ದಾಗಲೂ ಅದು ಸೋರುತ್ತಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇದೆ. ನಮಗೆ ಪೂರ್ತಿ ಕೆಡುವ ಮೊದಲೇ ಬುದ್ಧಿ ಬಂತು, ಅದು ನಮ್ಮ ಪುಣ್ಯ. ನಿಮ್ಮ ಮನೆಯ ಗಾಡಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾದರೆ ಅಪ್ಪನಿಗೋ ಅಣ್ಣನಿಗೋ "ತುಂಬಿಸಿ" ಎನ್ನುವ ಮೊದಲು "ಎಲ್ಲಿಗೆ ಹೋಯಿತು?" ಎಂದು ಕೇಳಿ. ಸಣ್ಣವರು ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ, ಕೇಳಿ.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿ